ಫೋಮ್ ಇಟ್ಟರೆ ಪೆಟ್ಟು ಮೆತ್ತಗಾಗುವುದಿಲ್ಲವೇ?

ಪ್ರಶ್ನೆ: ಲೇಸರ್ ಹೊಡೆದು ಫ್ಯೂಷನ್ (ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವುದು) ಮಾಡುವ ಇಂಧನದ ಗುಂಡಿನೊಳಗೆ ಹಗುರವಾದ ಫೋಮ್ ಇಡುವ ಯೋಚನೆ ಇದೆ ಎಂದು ಓದಿದೆ. ಹೆಲ್ಮೆಟ್ಟಿಗೆ, ಟಿವಿ ಪೆಟ್ಟಿಗೆಗೆ ಅಂಥದ್ದನ್ನು ಹಾಕುವುದೇ ಪೆಟ್ಟು ತಾಗದಿರಲಿ ಅಂತ ಅಲ್ವಾ? ಜೋರಾಗಿ ಹಿಂಡಬೇಕಾದ ಕಡೆ ಅದನ್ನಿಟ್ಟರೆ ಶಾಕ್‌ವೇವ್ (ಪೆಟ್ಟಿನಿಂದ ಏಳುವ ಒತ್ತಡದ ಅಲೆ) ಅಲ್ಲೇ ಸತ್ತುಹೋಗುವುದಿಲ್ಲವೇ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಪೆರ್ಲ, ಕಾಸರಗೋಡು)

ಉತ್ತರ: ಸಾಯುವುದಿಲ್ಲ. ಅಲ್ಲಿನ ತಲೆನೋವೇ ಬೇರೆ.

ಆ ಗುಂಡು ಹೇಗಿರುತ್ತದೆ ಅಂತ ನಮ್ಮ ಊರಿನವರಿಗೆ ಹೇಳುವುದು ಸುಲಭ. 2 ಮಿಲಿಮೀಟರ್ ಅಗಲದ ತೆಂಗಿನಕಾಯಿ ಅಂದುಕೊಳ್ಳಿ. ಗೆರಟೆ ವಜ್ರದ್ದು. ಒಳಮೈಗೆ ಅಂಟಿದ ತಿರುಳು ಹೆಪ್ಪುಗಟ್ಟಿದ ಡ್ಯೂಟೀರಿಯಂ ಮತ್ತು ಟ್ರೀಷಿಯಂ, ಅಂದರೆ ಭಾರದ ಹೈಡ್ರೋಜನ್ನುಗಳು. ಇದೇ ಇಂಧನ. ನಡುವೆ ಟೊಳ್ಳು. ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳ ಶಕ್ತಿಗೆ ಗೆರಟೆ ಹೊರಕ್ಕೆ ಸಿಡಿಯುತ್ತದೆ, ಆ ಒದೆತಕ್ಕೆ ತಿರುಳು ಒಳಕ್ಕೆ ನುಗ್ಗುತ್ತದೆ. 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಹೊಡೆದು 3.15 ಮೆಗಾಜೂಲ್ ಪಡೆದದ್ದು ಹೀಗೆ. (ಆ ಲೇಸರ್ ಓಡಿಸಲು ಸುಮಾರು 300 ಮೆಗಾಜೂಲ್ ಕರೆಂಟ್ ಹೋಗಿತ್ತು. ಅದು ಬೇರೆ ಲೆಕ್ಕ.)

ಆ ಐಸ್ ತಿರುಳನ್ನು ಎಲ್ಲ ಕಡೆ ಒಂದೇ ದಪ್ಪಕ್ಕೆ ಬೆಳೆಸುವುದು ದಿನಗಟ್ಟಲೆ ಕೆಲಸ. ಕರೆಂಟ್ ಮಾಡುವ ಸ್ಥಾವರಕ್ಕೆ ಸೆಕೆಂಡಿಗೆ 10 ಗುಂಡು ಬೇಕೆಂದರೂ ದಿನಕ್ಕೆ 8,64,000 ಆಯಿತು. ಐಸ್ ಬೆಳೆಸುತ್ತ ಕೂತರೆ ಮುಗಿಯಿತು ಕಥೆ. ಫೋಮ್ ಬಂದದ್ದು ಇದಕ್ಕೆ. ಮೊಳಕೆ ಬಂದ ತೆಂಗಿನಕಾಯಿ ಒಡೆದರೆ ಒಳಗೆ ಬಿಳಿ ಸ್ಪಂಜಿನಂಥ ಉಂಡೆ ಇರುತ್ತದಲ್ಲ, ಮಕ್ಕಳು ಜಗಳಾಡಿ ತಿನ್ನುವಂಥದ್ದು? ಹಾಗೆ, ತಿರುಳಿನ ಜಾಗದಲ್ಲಿ ಸ್ಪಂಜಿನ ಪದರ ಇಟ್ಟು ಅದಕ್ಕೆ ದ್ರವ ಇಂಧನವನ್ನು ಹೀರಿಸುವುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಲ್ಮೆಟ್ಟಿನ ಥರ್ಮಾಕೋಲ್ ತಲೆ ಉಳಿಸುವುದು ಅದರ ಗೋಡೆಗಳಿಗೆ ಒಂದಿಷ್ಟು ಬಲ ಇರುವುದರಿಂದ. ಅವು ನಿಧಾನಕ್ಕೆ ಕುಸಿದು ಪೆಟ್ಟನ್ನು ಹಂಚುತ್ತವೆ. ಇಲ್ಲಿ ಒತ್ತಡ ವಾತಾವರಣದ ಹತ್ತಾರು ಲಕ್ಷ ಪಟ್ಟು. ಅದರ ಮುಂದೆ ಗೋಡೆಯ ಬಲ ಲೆಕ್ಕಕ್ಕೇ ಇಲ್ಲ. ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ಹೊತ್ತಿಗೆ ದೂರದಲ್ಲಿ ನಿಂತವರ ಎದೆ ಝಲ್ಲೆನ್ನುತ್ತದಲ್ಲ, ಅದು ಬರೀ ಸದ್ದು. ಶಾಕ್‌ವೇವ್ ಸದ್ದಿಗಿಂತ ವೇಗವಾಗಿ ಬರುತ್ತದೆ. ಎದುರಿನ ವಸ್ತುವಿಗೆ ಸರಿದು ನಿಲ್ಲಲು ಪುರುಸೊತ್ತೇ ಇಲ್ಲ.

ಒಣ ಫೋಮಿನೊಳಗೆ ಶಾಕ್‌ವೇವ್ ನುಗ್ಗಿದಾಗ ಪ್ರತಿಯೊಂದು ತೂತಿನ ಹಿಂಗೋಡೆ ಖಾಲಿ ಜಾಗದಲ್ಲಿ ಹಾರಿ ಮುಂಗೋಡೆಗೆ ಬಡಿಯುತ್ತದೆ. ಓಟವೆಲ್ಲ ಅಲ್ಲಿ ಬಿಸಿಯಾಗುತ್ತದೆ. ಸೂತ್ರದಲ್ಲಿ ಹೇಳುವುದಾದರೆ, ಸೇರುವ ಶಕ್ತಿ ಒತ್ತಡವನ್ನು ಕುಗ್ಗಿದ ಗಾತ್ರದಿಂದ ಗುಣಿಸಿದ್ದರ ಅರ್ಧ. ಫೋಮಿನಲ್ಲಿ ಕುಗ್ಗುವುದು ಜಾಸ್ತಿ, ಹಾಗಾಗಿ ಅದೇ ಒತ್ತಡಕ್ಕೆ ಗಟ್ಟಿ ವಸ್ತುವಿಗಿಂತ ಬಿಸಿಯೂ ಜಾಸ್ತಿ.

ಇದರಿಂದ ಒಂದು ತಮಾಷೆ ಹುಟ್ಟುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಒಂಟಿ ಪರಮಾಣುಗಳ ಆದರ್ಶ ಅನಿಲದ ಲೆಕ್ಕದಲ್ಲಿ ಒಂದು ಶಾಕ್ ಎಷ್ಟೇ ಜೋರಾಗಿದ್ದರೂ ವಸ್ತುವನ್ನು ಮೊದಲಿನ 4 ಪಟ್ಟು ಸಾಂದ್ರತೆಗಿಂತ ಹೆಚ್ಚಿಗೆ ಒತ್ತಲಾರದು. ಘನ ಸೆಂಟಿಮೀಟರಿಗೆ 1 ಗ್ರಾಂ ಇರುವ ಪ್ಲಾಸ್ಟಿಕ್ 4 ಗ್ರಾಂ ಆದೀತು. ಅದೇ ಪ್ಲಾಸ್ಟಿಕ್ಕಿನ 0.1 ಗ್ರಾಮಿನ ಫೋಮ್? 0.4 ಗ್ರಾಂ. ಅಂದರೆ ಸಣ್ಣ ಪೆಟ್ಟು ಬಿದ್ದರೆ ತೂತು ಮುಚ್ಚಿ ಗಟ್ಟಿಯಾಗುವ ಫೋಮ್, ದೊಡ್ಡ ಪೆಟ್ಟು ಬಿದ್ದರೆ, ಪೆಟ್ಟೇ ತಿನ್ನದೆ ಸುಮ್ನೆ ಬಿದ್ದಿರುವ ಪ್ಲಾಸ್ಟಿಕ್ಕಿನಷ್ಟೂ ಗಟ್ಟಿಯಾಗುವುದಿಲ್ಲ! ನಿಜವಾದ ವಸ್ತುವಿನಲ್ಲಿ ಅಂಕಿ ಒಂದಿಷ್ಟು ಆಚೀಚೆ ಆಗುತ್ತದೆ, ಸ್ವಭಾವ ಇದೇ. ವೇಗದ ಕಥೆಯೂ ಹೀಗೇ ಉಲ್ಟಾ. ಅದೇ ಒತ್ತಡಕ್ಕೆ, 100 ಪಟ್ಟು ಹಗುರ ವಸ್ತುವಿನಲ್ಲಿ ಶಾಕ್‌ವೇವ್ ಸುಮಾರು 10 ಪಟ್ಟು ಬೇಗ ಓಡುತ್ತದೆ.

ಇಂಧನ ಮೊದಲೇ ಬಿಸಿಯಾದರೆ ಆಮೇಲೆ ಹಿಂಡುವುದು ಕಷ್ಟ. ಇಂಧನ ತುಂಬಿದ ಫೋಮಿನಲ್ಲಿ ಖಾಲಿ ತೂತು ಇಲ್ಲದ್ದರಿಂದ ಈ ಕಾಟ ತುಂಬ ಕಡಿಮೆ. ಆದರೆ ಕಾಟ ಪೂರ್ತಿ ಹೋಗುವುದಿಲ್ಲ. ದ್ರವದ ಸಾಂದ್ರತೆ ಸುಮಾರು 0.2 ಗ್ರಾಂ, ಫೋಮಿನ ಎಳೆ ಅದಕ್ಕಿಂತ ಎಷ್ಟೋ ಭಾರ. ಎಳೆ ಇದ್ದಲ್ಲಿ ಅಲೆ ಹಿಂದೆ ಬೀಳುತ್ತದೆ, ಇಲ್ಲದಲ್ಲಿ ಮುಂದೆ ಓಡುತ್ತದೆ. ಅಲೆಯ ಮುಖ ಸುಕ್ಕಾಗುತ್ತದೆ. ತೂತುಗಳು ಸಣ್ಣವಾಗಿದ್ದರೆ ಸುಕ್ಕೂ ಸಣ್ಣದು, ಬೇಗ ಇಸ್ತ್ರಿಯಾಗುತ್ತದೆ. ಎಳೆಯಲ್ಲಿರುವ ಕಾರ್ಬನ್ನಿನದು ಇನ್ನೊಂದು ರಗಳೆ. ಅದು ಎಕ್ಸ್-ರೇ ಹೊರಸೂಸಿ ಇಂಧನದ ಶಾಖವನ್ನು ಬೇಕಾದ ಹೊತ್ತಿಗೇ ಕಳೆಯುತ್ತದೆ. ಹಾಗಾಗಿ ಫೋಮ್ ಆದಷ್ಟು ಹಗುರ ಇರಬೇಕು, ದ್ರವ ತುಂಬಿದಾಗ ಕುಸಿಯಲೂ ಬಾರದು. ಈಗ ಲೇಸರಿನಿಂದ ರಾಳವನ್ನು ಗಟ್ಟಿ ಮಾಡುತ್ತ ಫೋಮನ್ನೇ 3ಡಿ ಪ್ರಿಂಟ್ ಮಾಡುತ್ತಾರೆ. ಎಳೆ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಸುಕ್ಕಿನ ಲೆಕ್ಕವನ್ನೂ ಮೊದಲೇ ಹಾಕಬಹುದು.

ಪ್ರಶ್ನೆ: ನಮ್ಮ ಮನೆ ಹತ್ತಿರದ ಕಲ್ಲಿನ ಕೋರೆಯಲ್ಲಿ ಮದ್ದು ಸಿಡಿಸಿದಾಗ ಕಿಟಕಿ ಅಲುಗುತ್ತದೆ. ಇದು ಶಾಕ್‌ವೇವೇ?
(ಕೃಷಿಕರು, ಮುಳ್ಳೇರಿಯ)

ಉತ್ತರ: ಮದ್ದು ತುಂಬಿದ ತೂತಿನ ಬಳಿ ಹೌದು. ಸ್ವಲ್ಪ ದೂರ ಬರುವಷ್ಟರಲ್ಲಿ ಅದು ಬಲ ಕಳೆದುಕೊಂಡು ಮಾಮೂಲಿ ಕಂಪನ ಆಗಿರುತ್ತದೆ. ನಿಮ್ಮಲ್ಲಿಗೆ ಬರುವುದು ಎರಡು: ಕಲ್ಲಿನ ಮೂಲಕ ನೆಲದ ನಡುಕ, ಗಾಳಿಯ ಮೂಲಕ ಸದ್ದು. ಕಲ್ಲಿನಲ್ಲಿ ಅಲೆ ಸೆಕೆಂಡಿಗೆ ಕೆಲವು ಕಿಲೋಮೀಟರ್ ಓಡುತ್ತದೆ, ಗಾಳಿಯಲ್ಲಿ ಸುಮಾರು 340 ಮೀಟರ್ ಮಾತ್ರ. ಮುಂದಿನ ಸಲ ನೆಲಕ್ಕೆ ಕೈಯಿಟ್ಟು ಕೂತು ನೋಡಿ. ನಡುಕ ತಿಳಿದು 2 ಸೆಕೆಂಡಿನ ಮೇಲೆ ಸದ್ದು ಕೇಳಿದರೆ ಕೋರೆ ನಿಮ್ಮಿಂದ ಸುಮಾರು 700 ಮೀಟರ್ ದೂರ. ಕಿಟಕಿ ಅಲುಗಿದ್ದು ಮೊದಲನೆಯದಕ್ಕೋ ಎರಡನೆಯದಕ್ಕೋ ಎಂಬುದೂ ಗೊತ್ತಾಗುತ್ತದೆ.