ಬೈತಲೆ ಅಗಲ ಆಗ್ತಿದೆ, ಬಯೋಟಿನ್ ತಗೊಳ್ಲಾ?

ಪ್ರಶ್ನೆ: ನಂಗೆ 26 ವರ್ಷ ಮೇಡಂ. ಪಿಸಿಒಡಿ (ಅಂಡಾಶಯದ ಹಾರ್ಮೋನು ಏರುಪೇರು) ಇದೆ, ಮುಟ್ಟು ಎರಡು ತಿಂಗಳಿಗೊಮ್ಮೆ ಬರುತ್ತೆ, ಕುತ್ತಿಗೆ ಹಿಂದೆ ಕಪ್ಪಾಗಿದೆ. ಈಗ ಬೈತಲೆನೂ ಅಗಲ ಆಗ್ತಿದೆ. ಇನ್ಸುಲಿನ್ ರೆಸಿಸ್ಟೆನ್ಸ್‌ನಿಂದ ಹೀಗಾಗ್ತಿದೆ ಅಂತಾರೆ ಡಾಕ್ಟರ್, ಆದ್ರೆ ಶುಗರ್ ರಿಪೋರ್ಟ್ ನಾರ್ಮಲ್! ಅನ್ನ ಪೂರ್ತಿ ಬಿಟ್ಟು ಬಯೋಟಿನ್ (ಒಂದು ಬಿ ವಿಟಮಿನ್), ಇನೋಸಿಟಾಲ್, ಬರ್ಬೆರಿನ್ ಈ ಮೂರೂ ಸಪ್ಲಿಮೆಂಟ್ ಶುರು ಮಾಡ್ಲಾ? ಅಮ್ಮ ಮಾತ್ರ ಎಣ್ಣೆ ಹಚ್ಚು ಸಾಕು ಅಂತಾರೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಇನ್ಸುಲಿನ್ ರೆಸಿಸ್ಟೆನ್ಸ್ ಅಂದ್ರೆ ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಮಾತನ್ನ ದೇಹ ಸರಿಯಾಗಿ ಕೇಳದೇ ಇರೋದು. ಶುಗರ್ ನಾರ್ಮಲ್ ಇದೆ ಅಂದ್ರೆ ಇನ್ಸುಲಿನ್ ನಾರ್ಮಲ್ ಇದೆ ಅಂತಲ್ಲ. ನಿಮ್ಮ ಮೇದೋಜೀರಕ ಗ್ರಂಥಿ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿದು ಶುಗರನ್ನ ಹಿಡಿದಿಟ್ಟಿದೆ ಅಷ್ಟೇ, ಕುತ್ತಿಗೆ ಕಪ್ಪಾಗೋದೂ ಸಾಮಾನ್ಯವಾಗಿ ಅದರದ್ದೇ ಗುರುತು, ಎಷ್ಟು ಉಜ್ಜಿದ್ರೂ ಹೋಗಲ್ಲ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯಕ್ಕೆ ಗಂಡು ಹಾರ್ಮೋನು ಜಾಸ್ತಿ ಮಾಡು ಅಂತ ಹೇಳುತ್ತೆ, ಇನ್ನೊಂದು ಕಡೆ ಲಿವರ್ ತಯಾರಿಸೋ ಒಂದು ಪ್ರೋಟೀನನ್ನ ಕಮ್ಮಿ ಮಾಡುತ್ತೆ, ಈ ಪ್ರೋಟೀನೇ ಆ ಹಾರ್ಮೋನನ್ನ ರಕ್ತದಲ್ಲಿ ಕಟ್ಟಿ ಇಡೋದು. ಹಂಗಾಗಿ ಬಿಡಿಯಾಗಿ ಓಡಾಡೋ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಜಾಸ್ತಿ ಆಗಿ, ನೆತ್ತಿಯ ಕೂದಲ ಬೇರುಗಳ ಹತ್ರ ಅದು ತನ್ನ ಇನ್ನೂ ಜೋರಾದ ರೂಪ ಡಿಎಚ್‌ಟಿ ಆಗುತ್ತೆ, ಮನೆತನದಲ್ಲಿ ಆ ಗುಣ ಇದ್ದವರಿಗೆ ಕೂದಲು ಒಂದೊಂದು ಸುತ್ತು ಬೆಳೆದಾಗ್ಲೂ ತೆಳ್ಳಗಾಗ್ತಾ ಹೋಗುತ್ತೆ. ಎಣ್ಣೆ ಇದನ್ನ ತಡೆಯಲ್ಲ, ಅಮ್ಮನ ಕೈಯಲ್ಲಿ ತಲೆ ತಿಕ್ಕಿಸ್ಕೊಳ್ಳೋದನ್ನ ಮಾತ್ರ ಬಿಡಬೇಡಿ, ಸುಖ ಬೇರೆ ವಿಷಯ.

ಅನ್ನ ಪೂರ್ತಿ ಬಿಡೋದು ಬೇಡ. ಒಮ್ಮೆಗೇ ಊಟ ಕಡಿಮೆ ಮಾಡಿ ತೂಕ ಇಳಿಸಿದವರಿಗೆ ಎರಡು ಮೂರು ತಿಂಗಳಾದ್ಮೇಲೆ ಕೈತುಂಬ ಕೂದಲು ಉದುರಬಹುದು, ಆಗ ಪಿಸಿಒಡಿ ಯಾವುದು ಡಯಟ್ ಯಾವುದು ಅಂತ ಗೊತ್ತೇ ಆಗಲ್ಲ. ನಿಮ್ಮೂರಲ್ಲಿ ಜೋಳದ ರೊಟ್ಟಿ ಇದೆಯಲ್ಲ, ಎರಡು ರೊಟ್ಟಿ, ಅದರ ಜೊತೆ ತಟ್ಟೆ ಅರ್ಧ ತುಂಬೋಷ್ಟು ಪಲ್ಯ ಕೋಸಂಬರಿ, ಮೊಳಕೆ ಹೆಸರುಕಾಳೋ ಮಡಕಿಕಾಳೋ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ. ತರಕಾರಿ, ಕಾಳು ಮೊದಲು ತಿಂದು ಅನ್ನ ರೊಟ್ಟಿ ಆಮೇಲೆ ತಿಂದ್ರೆ ಊಟದ ನಂತರ ಶುಗರ್ ಏರೋದು ಕಡಿಮೆ ಆಗುತ್ತೆ, ದುಡ್ಡೂ ಖರ್ಚಿಲ್ಲ. ರಾಗಿ ಒಳ್ಳೇದು ಅಂತ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡೀತಾರೆ, ನುಣ್ಣಗೆ ಬೀಸಿದ ಹಿಟ್ಟು, ಅದೂ ನೀರಾಗಿ, ಸರ್ರಂತ ಶುಗರ್ ಏರಿಸುತ್ತೆ. ಸಂಜೆ ಮಿರ್ಚಿ ಮಂಡಕ್ಕಿ ಬಿಡಿ ಅಂತ ದಾವಣಗೆರೆಯವರಿಗೆ ಹೇಳೋ ಧೈರ್ಯ ನಂಗಿಲ್ಲ, ಆದ್ರೆ ದಿನಾ ಬೇಡ, ತಿನ್ನೋ ದಿನ ಮಂಡಕ್ಕಿ ಕಮ್ಮಿ, ಶೇಂಗಾ, ಈರುಳ್ಳಿ ಜಾಸ್ತಿ ಹಾಕಿಸ್ಕೊಳ್ಳಿ. ಊಟ ಆದ್ಮೇಲೆ ಮೊಬೈಲ್ ಹಿಡ್ಕೊಂಡು ಕೂರೋ ಬದಲು ಹದಿನೈದು ನಿಮಿಷ ನಡೀರಿ, ಕೆಲಸ ಮಾಡೋ ಸ್ನಾಯು ಇನ್ಸುಲಿನ್ ಹೆಚ್ಚು ಇಲ್ದೆನೂ ಸಕ್ಕರೆ ಎಳ್ಕೊಳ್ಳುತ್ತೆ. ತೂಕ ಜಾಸ್ತಿ ಇದ್ರೆ 5ರಿಂದ 10 ಪರ್ಸೆಂಟ್ ನಿಧಾನಕ್ಕೆ ಇಳಿದ್ರೂ ಎಷ್ಟೋ ಜನಕ್ಕೆ ಮುಟ್ಟು ಸರಿಹೋಗುತ್ತೆ.

ಮಾತ್ರೆ ಕೊಳ್ಳೋ ಮುಂಚೆ ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್), ಬಿ12, ವಿಟಮಿನ್ ಡಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಟೆಸ್ಟ್ ಮಾಡಿಸಿ. ಫೆರಿಟಿನ್ 30ಕ್ಕಿಂತ ಕಡಿಮೆ ಬಂದ್ರೆ ಹಿಮೋಗ್ಲೋಬಿನ್ ಸರಿ ಇದ್ರೂ ದೇಹದಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಆಗ್ತಿದೆ ಅಂತ, ಅದಕ್ಕೆ ಡಾಕ್ಟರ್ ಹೇಳಿದ ಕಬ್ಬಿಣದ ಮಾತ್ರೆ ಬಯೋಟಿನ್‌ಗಿಂತ ಎಷ್ಟೋ ಕೆಲಸಕ್ಕೆ ಬರುತ್ತೆ. ಊಟ ಮುಗಿದ ತಕ್ಷಣ ಚಹಾ ಕುಡೀಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ, ಸೊಪ್ಪಿಗೆ ಕಾಳಿಗೆ ನಿಂಬೆ ಹಿಂಡಿ. ಇನ್ಸುಲಿನ್ ರೆಸಿಸ್ಟೆನ್ಸ್‌ಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ತಗೋತಿದ್ರೆ ಬಿ12 ಆಗಾಗ ನೋಡಿಸ್ಬೇಕು.

ಬಯೋಟಿನ್ ಕೊರತೆ ತುಂಬಾ ಅಪರೂಪ, ಕೊರತೆ ಇಲ್ದೋರಿಗೆ ಅದ್ರಿಂದ ಕೂದಲು ಬರುತ್ತೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ, ಮೇಲಾಗಿ ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಹುದು, ತಗೋತಿದ್ರೆ ಟೆಸ್ಟ್‌ಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಮಯೋ ಇನೋಸಿಟಾಲ್, ಸಾಮಾನ್ಯವಾಗಿ ದಿನಕ್ಕೆ 4 ಗ್ರಾಂ ಎರಡು ಸಲ ಹಂಚಿ ಕೊಡ್ತಾರೆ, ಹಾನಿ ಕಡಿಮೆ, ಕೆಲವರಿಗೆ ಮುಟ್ಟಿಗೆ ಉಪಯೋಗ ಆಗುತ್ತೆ, ಕೂದಲಿಗೆ ಪುರಾವೆ ಬಲವಾಗಿಲ್ಲ. ಮೂರರಲ್ಲಿ ಒಂದೇ ಆರಿಸಬೇಕು ಅಂದ್ರೆ ಇದನ್ನ, ಅದೂ ಡಾಕ್ಟರ್‌ನ ಕೇಳಿ. ಬರ್ಬೆರಿನ್ ಬೇರೆ ಮಾತ್ರೆಗಳ ಜೊತೆ ಗುದ್ದಾಡುತ್ತೆ, ಮಗು ಪ್ಲಾನ್ ಇದ್ರೆ ಮುಟ್ಟಲೇಬೇಡಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯೋದು, ಹಾಗಾಗಿ ಆರು ತಿಂಗಳಿಗೆ ಮುಂಚೆ ಲೆಕ್ಕ ಹಾಕಬೇಡಿ, ಬೈತಲೆ ಫೋಟೋ ಒಂದೇ ಬೆಳಕಲ್ಲಿ ತಿಂಗಳಿಗೊಂದು ತೆಗೆದಿಡಿ. ಅಷ್ಟರಲ್ಲೂ ತೆಳ್ಳಗಾಗ್ತಾನೇ ಇದ್ರೆ ಚರ್ಮದ ಡಾಕ್ಟರ್‌ನ ನೋಡಿ, ಮಿನಾಕ್ಸಿಡಿಲ್ ಥರದ ಕೂದಲು ಬೆಳೆಸೋ ಔಷಧಿ ಶುರು ಮಾಡೋದು ತಡವಾದಷ್ಟು ಪ್ರಯೋಜನ ಕಡಿಮೆ.

ಪ್ರಶ್ನೆ: ನಂಗೆ 31, ಹಣೆ ಮೇಲೆ ಹೋಗ್ತಾ ಇದೆ, ಹೊಟ್ಟೆ ಮುಂದೆ ಬರ್ತಾ ಇದೆ! ಸಕ್ಕರೆ ಬಿಟ್ರೆ ಕೂದಲು ವಾಪಸ್ ಬರುತ್ತಾ?
– ಬೆಂಗಳೂರು

ಉತ್ತರ: ಬರಲ್ಲ. ಚಿಕ್ಕ ವಯಸ್ಸಲ್ಲೇ ಬೋಳಾಗೋರಲ್ಲಿ ಇನ್ಸುಲಿನ್ ರೆಸಿಸ್ಟೆನ್ಸ್ ಜಾಸ್ತಿ ಕಾಣುತ್ತೆ ಅಂತ ಅಧ್ಯಯನಗಳಿವೆ, ಆದ್ರೆ ನಿಮ್ಮ ಹಣೆಗೆ ಮುಖ್ಯ ಕಾರಣ ವಂಶವಾಹಿ. ಸಕ್ಕರೆ ಬಿಡೋದು ಹೊಟ್ಟೆಗೆ, ಹೃದಯಕ್ಕೆ ಒಳ್ಳೇದು, ಬಿಡಿ. ಗಂಡಸರಿಗೆ ಸೊಂಟದ ಅಳತೆ 90 ಸೆಂಟಿಮೀಟರ್ ದಾಟಿದ್ರೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರೂ ಈ ವಾರವೇ ಚೆಕ್ ಮಾಡಿಸಿ, ಕೂದಲಿಗೆ ಚರ್ಮದ ಡಾಕ್ಟರ್ ಹತ್ರ ಬೇರೆ ಹೋಗಿ.