ಮೆಕ್ಸಿಕನ್-ಅಮೆರಿಕನ್ ಹೆಂಗಸರಲ್ಲಿ ಖಿನ್ನತೆಗೂ ಸಕ್ಕರೆ, ಬಿಪಿ, ಬೊಜ್ಜಿಗೂ ನಿಜವಾಗಿ ಸಂಬಂಧ ಇದೆಯಾ?

ಇದೆ. ಅದೂ ಎರಡೂ ಕಡೆಯಿಂದ.

ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ಒಳ್ಳೆಯ ಕೊಲೆಸ್ಟ್ರಾಲ್. ಈ 5ರಲ್ಲಿ 3 ಹದ ತಪ್ಪಿದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಅಮೆರಿಕದಲ್ಲಿ 1988ರಿಂದ 1994ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಮೆಕ್ಸಿಕನ್ ಮೂಲದವರನ್ನು ಬೇಕೆಂದೇ ಹೆಚ್ಚು ಸಂಖ್ಯೆಯಲ್ಲಿ ಸೇರಿಸಿಕೊಂಡಿದ್ದರು. ಅದರ ಒಟ್ಟು ಮಾಹಿತಿ ನೋಡಿದಾಗ, ತೀವ್ರ ಖಿನ್ನತೆ ಅನುಭವಿಸಿದ್ದ ಯುವತಿಯರಲ್ಲಿ ಈ ಸಮಸ್ಯೆ ಸುಮಾರು ಎರಡು ಪಟ್ಟು ಕಂಡಿತು. ಗಂಡಸರಲ್ಲಿ ಹಾಗೆ ಕಾಣಲಿಲ್ಲ.

ಯಾಕೆ ಹೀಗೆ? ಮನಸ್ಸು ಬಹಳ ದಿನ ಕುಗ್ಗಿದ್ದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುಪೇರಾಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಿದ್ದೆ, ಊಟ, ಓಡಾಟ ಎಲ್ಲ ಕೆಡುತ್ತದೆ. ಇತ್ತ ಆ ಕೊಬ್ಬಿನಿಂದ ಹುಟ್ಟುವ ಉರಿಯೂತ ಮಿದುಳಿಗೂ ತಟ್ಟುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳೂ ತೂಕ ಹೆಚ್ಚಿಸುತ್ತವೆ. ಹಾಗಂತ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಇದರ ಮೇಲೆ ಬದುಕಿನ ಭಾರ. ಎಷ್ಟೋ ಜನರಿಗೆ ವಿಮೆ ಇಲ್ಲ, ಡಾಕ್ಟರಿಗೆ ಸ್ಪ್ಯಾನಿಷ್ ಬರುವುದಿಲ್ಲ, ಮನೆಯವರ ಆರೈಕೆಯೆಲ್ಲ ಹೆಂಗಸಿನ ತಲೆ ಮೇಲೆ. ‘ಸುಸ್ತೊ’, ಅಂದರೆ ದೊಡ್ಡ ಆಘಾತ, ಹೆದರಿಕೆಯಿಂದಲೇ ಸಕ್ಕರೆ ಕಾಯಿಲೆ ಬಂತು ಎಂದು ಅಲ್ಲಿ ಹಲವರು ಹೇಳುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬಾರದು ಅಂತ ನನಗನಿಸುತ್ತದೆ. ಮನಸ್ಸಿನ ನೋವು ಹೇಳಿಕೊಳ್ಳಲು ಅವರಿಗಿರುವ ದಾರಿ ಅದು, ಅಲ್ವಾ?

ಅದಕ್ಕೇ ‘ಪ್ರೊಮೊತೋರಾ’ಗಳು ಮುಖ್ಯ. ಇವರು ಅದೇ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಬಾಗಿಲಿಗೆ ಹೋಗಿ, ಅವರದೇ ಭಾಷೆಯಲ್ಲಿ ಮಾತಾಡಿಸುತ್ತಾರೆ.