ಎಜ್‌ಫೀಲ್ಡ್‌ಗೆ ಒಮ್ಮೆ ಹಗಲಿನಲ್ಲಿ ಹೋಗಿ ಬನ್ನಿ

ನೀವು ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೋಗೆ ಬಂದು ಮೂರು ತಿಂಗಳಾಯಿತು, ಇಷ್ಟು ಅಚ್ಚುಕಟ್ಟಾದ ಸೀಮೆಯಲ್ಲಿ ಹಿಂದೆ ಬಡವರು ಇದ್ದರೇ, ಕೈಲಾಗದ ಮುದುಕರು ಎಲ್ಲಿಗೆ ಹೋಗುತ್ತಿದ್ದರು ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನನ್ನು ಇದನ್ನು ಕೇಳಿದವರು ನೀವೇ ಮೊದಲು. ಬಹಳ ಸಂತೋಷವಾಯಿತು.

ಪೋರ್ಟ್‌ಲ್ಯಾಂಡಿನ ಪೂರ್ವಕ್ಕೆ ಟ್ರೌಟ್‌ಡೇಲ್‌ನಲ್ಲಿ ಎಜ್‌ಫೀಲ್ಡ್ ಎಂಬ ಹೋಟೆಲ್ ಇದೆ. ಬೇಸಿಗೆಯಲ್ಲಿ ನಿಮ್ಮ ಕಚೇರಿಯವರು ಸಂಗೀತ ಕೇಳಲು ಹೋಗುವುದು ಅದರ ಹುಲ್ಲುಹಾಸಿಗೇ. ಹಿಂದೆ ಅದು ಮಲ್ಟ್‌ನೋಮಾ ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತದವರು, 1911ರಲ್ಲಿ ತೆರೆದ 'ಬಡವರ ಫಾರ್ಮ್' ಆಗಿತ್ತು: ಬಡವರಿಗೆ ಊಟ, ವಸತಿ ಕೊಡುವ ಹೊಲಮನೆ. ಸರ್ಕಾರಿ ಪಿಂಚಣಿ ಇಲ್ಲದ ಆ ಕಾಲದಲ್ಲಿ ದುಡಿಯಲಾಗದವರು, ರೋಗಿಗಳು, ದಿಕ್ಕಿಲ್ಲದ ವೃದ್ಧರು ಕೌಂಟಿಯ ಬಾಗಿಲಿಗೇ ಬರಬೇಕಿತ್ತು.

ಅಮ್ಮ ಇಲ್ಲಿಗೆ ಬಂದಿದ್ದಾಗ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಉದ್ದನೆಯ ಮೊಗಸಾಲೆಯಲ್ಲಿ ಸಾಲು ಸಾಲು ಬಾಗಿಲುಗಳು, ಪ್ರತಿಯೊಂದರ ಮೇಲೂ ಕಲಾವಿದರು ಬರೆದ ಚಿತ್ರ. ಅಮ್ಮ ಒಂದು ಬಾಗಿಲಿನ ಚೌಕಟ್ಟನ್ನು ಸವರುತ್ತಾ, "ಪಾಪ, ಊಟಕ್ಕೆ ಏನು ಕೊಡುತ್ತಿದ್ದರೋ!" ಎಂದಳು. ಹೊಲ ಅಲ್ಲೇ ಇತ್ತು. ಹಸು, ಹಂದಿ ಸಾಕುತ್ತಿದ್ದರು, ತರಕಾರಿ ಬೆಳೆದು ಡಬ್ಬಿಗಳಲ್ಲಿ ತುಂಬಿಡುತ್ತಿದ್ದರು. ಮೈಯಲ್ಲಿ ಶಕ್ತಿಯಿದ್ದವರು ಹೊಲ, ಅಡುಗೆಮನೆ, ಬಟ್ಟೆ ಒಗೆಯುವ ಮನೆಗಳಲ್ಲಿ ಕೆಲಸ ಮಾಡಬೇಕಿತ್ತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಆ ಸೂರಿನಡಿ 600ಕ್ಕೂ ಹೆಚ್ಚು ಜನರಿದ್ದರು. ಕೈದಿಗಳಿಗೆ ಹೇಳುವ 'ಇನ್‌ಮೇಟ್' ಎಂಬ ಪದವನ್ನೇ ಇಂಥ ಫಾರ್ಮ್‌ಗಳ ಬಡವರಿಗೂ ಬಳಸುತ್ತಿದ್ದರು. ನನಗೆ ಇಂದಿಗೂ ನೋಯುವುದು ಅದೇ.

1935ರಲ್ಲಿ ವೃದ್ಧರಿಗೆ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂತು, ದೇಶದಾದ್ಯಂತ ಇಂಥ ಫಾರ್ಮ್‌ಗಳು ಒಂದೊಂದಾಗಿ ಮುಚ್ಚಿದವು. ನಿಮ್ಮ ಸಂಬಳದ ಚೀಟಿಯಲ್ಲಿ ಸೋಷಿಯಲ್ ಸೆಕ್ಯುರಿಟಿಗೆಂದು ಕಡಿತವಾಗುವ ಹಣದ ಬೇರು ಇಲ್ಲಿದೆ. ಎಜ್‌ಫೀಲ್ಡ್ ಮುಂದೆ ವೃದ್ಧರ ಆರೈಕೆ ಕೇಂದ್ರವಾಗಿ 1980ರ ದಶಕದ ಆರಂಭದಲ್ಲಿ ಖಾಲಿಯಾಯಿತು. ಕಿಟಕಿಗಳು ಒಡೆದವು, ಕೆಡವುವ ಮಾತು ಬಂತು. ಟ್ರೌಟ್‌ಡೇಲ್‌ನ ಇತಿಹಾಸ ಸಂಘದವರು ಪಟ್ಟು ಹಿಡಿದು ಉಳಿಸಿದರು. 1990ರಲ್ಲಿ ಹೋಟೆಲ್, ಪಬ್‌ಗಳನ್ನು ನಡೆಸುವ ಮ್ಯಾಕ್‌ಮೆನಮಿನ್ಸ್ ಸಂಸ್ಥೆ ಅದನ್ನು ಕೊಂಡಿತು. ಹಳೆಯ ವಿದ್ಯುತ್ ಮನೆ ಈಗ ಚಿತ್ರಮಂದಿರ. ಬಡವರು ಕಣ್ಣೀರಿಟ್ಟ ಜಾಗದಲ್ಲಿ ಬಿಯರ್ ಮಾರಬಹುದೇ ಎಂದು ಮುನಿಯುವವರಿದ್ದಾರೆ. ಗೋಡೆಗಳು ನಿಂತಿವೆ, ಅಲ್ಲಿದ್ದವರ ಕಥೆ ಆ ಗೋಡೆಗಳ ಮೇಲೇ ಇದೆ. ನನಗೆ ಅಷ್ಟು ಸಾಕು.

ಸಂಗೀತ ಇಲ್ಲದ ದಿನ, ಬೆಳಗ್ಗೆಯೇ ಹೋಗಿ. ಮೇಲಿನ ಮಹಡಿಯವರೆಗೂ ಮೆಟ್ಟಿಲು ಹತ್ತಿ, ಮೊಗಸಾಲೆಯ ಚಿತ್ರಗಳನ್ನು ನಿಧಾನವಾಗಿ ನೋಡಿ. ಜೊತೆಗೆ ಯಾರೂ ಸಿಗದಿದ್ದರೆ ಹೇಳಿ, ನಾನೇ ಬರುತ್ತೇನೆ.